ಹೆಗಲಿಗೆ ಹಚ್ಚಿದ ಮುಲಾಮು

ಒಳಗೆ ಯಾರೋ ಗಂಡಸು ಕೆಮ್ಮಿದ, ಇಷ್ಟು ಬೆಳಗ್ಗೆ ಯಾರು ಬಂದರಪ್ಪ ಎಂದು ಸಿದ್ದಲಿಂಗಪ್ಪ ಬಚ್ಚಲಲ್ಲಿ ತಂಬಿಗೆ ಹಿಡಿದು ನಿಂತ, ಮರುಗಳಿಗೆ ತಿಳಿಯಿತು — ಯಾರೂ ಅಲ್ಲ, ಹೆಂಡತಿ ರತ್ನವ್ವ, ಪೂಜಿಗಿ ಹೊತ್ತಾತು ಬರ್ರಿ ಎಂದು ಕರೆಯುತ್ತಿದ್ದಾಳೆ, ನಲವತ್ತು ವರ್ಷ ಕೇಳಿದ ದನಿಯನ್ನೇ ಗುರುತಿಸದ ಕಿವಿ ಇದೆಂಥದು, ಅಲ್ಲ, ಕಿವಿಯದೇನು ತಪ್ಪು, ಮಠದಲ್ಲಿ ಅವಳು ವಚನ ಎತ್ತಿಕೊಂಡರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರೂ ಹಾಗೇ ನಿಂತುಬಿಡುತ್ತಿದ್ದರು, ಆ ದನಿ ಈಗ ಮೀಸೆ ಮೂಡುವ ಹುಡುಗರ ದನಿಯ ಹಾಗೆ ಒಡೆದು ದಪ್ಪಗಾಗಿದೆ, ವಯಸ್ಸಾತಲ್ರಿ ನನಗ, ಅನ್ನುತ್ತಾಳೆ, ಪಾಪ, ನಂಬಿಯೇ ಅನ್ನುತ್ತಾಳೆ. ಬಿದ್ದು ಸೊಂಟ ಮುರಿದು ಅವಳ ನಡಿಗೆ ನಿಂತಾಗಿನಿಂದ ದಿನಾ ಮಂಚದಿಂದ ಎತ್ತಿ ಪೂಜೆಯ ಮಣೆಗೆ ತರುವವನು ಇವನೇ, ಅರವತ್ತೈದು ದಾಟಿದ ಮೇಲೆ ತೋಳು ನಡುಗತೊಡಗಿತು, ಒಮ್ಮೆ ಬಾಗಿಲಲ್ಲಿ ಇಬ್ಬರೂ ಬೀಳುವುದೊಂದು ಬಾಕಿ, ಆಗ ಹುಬ್ಬಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಗಂಡಸಿನ ಹಾರ್ಮೋನು ತೀರ ಇಳಿದೈತ್ರಿ ಎಂದು ಹೆಗಲಿಗೆ ಸವರುವ ಮುಲಾಮು ಬರೆದುಕೊಟ್ಟರು, ಜೊತೆಗೆ ಪ್ರೋಟೀನ್ ಪುಡಿ, ವಿಟಮಿನ್ ಗುಳಿಗೆ, ಹಚ್ಚಿದ ಮ್ಯಾಲೆ ಅಂಗಿ ಹಾಕ್ಕೋರಿ, ಯಾರ ಮೈಗೂ ತಾಗಬಾರದು — ಹೇಳಿದ್ದರು, ಹೇಳಲಿಲ್ಲ ಅನ್ನುವ ಹಾಗಿಲ್ಲ. ಆದರೆ ಸ್ನಾನವಾಗಿ ಲಿಂಗಪೂಜೆ ಮುಗಿಯುವ ತನಕ ಅಂಗಿ ತೊಟ್ಟವನಲ್ಲ ಅವನು, ಅವನಪ್ಪನೂ ತೊಟ್ಟವನಲ್ಲ, ಪೂಜೆಯಾದ ಮೇಲೆ ಹಾಕಿಕೊಂಡರಾಯಿತು ಎಂದುಕೊಂಡ, ಅಂದಿನಿಂದ ಮುಲಾಮು ಹಚ್ಚಿ, ವಿಭೂತಿ ಎಳೆದುಕೊಂಡು ಬರಿಮೈಯಲ್ಲೇ ಅವಳನ್ನು ಎತ್ತಿದ, ಅವಳು ಕೊರಳಿಗೆ ಕೈಹಾಕಿ ಅವನ ಹೆಗಲಿಗೆ ಕೆನ್ನೆ ಇಟ್ಟಳು, ದಿನಾ ಇಟ್ಟಳು, ಇಟ್ಟಲ್ಲಿಯೇ ಒಂದು ಸಾಲು ಗುನುಗಿದಳು, ಖರೇ ಅಂದರೆ ಆ ಗಳಿಗೆಗಾಗಿಯೇ ಅವನಿಗೆ ಬೆಳಗಾಗುತ್ತಿತ್ತು, ತೋಳಿಗೆ ಶಕ್ತಿ ಬಂತು, ಹಿಗ್ಗಿದ, ಅವಳ ಗುನುಗು ಯಾವಾಗ ನಿಂತಿತೋ ಗಮನಿಸಲಿಲ್ಲ.

ನಿನ್ನೆ ಸತ್ತೂರದ ದವಾಖಾನೆಯಲ್ಲಿ ಡಾಕ್ಟರ್ ಸೌಮ್ಯಾ ಅವಳ ಗದ್ದದ ಕೂದಲು ನೋಡಿ, ರಕ್ತದ ರಿಪೋರ್ಟು ನೋಡಿ, ಅವನೊಬ್ಬನನ್ನೇ ಹೊರಗೆ ಕರೆದು, ನೀವೇನರ ಮೈಗೆ ಹಚ್ಕೋತೀರೇನ್ರಿ ಅಜ್ಜಾರ ಎಂದರು, ಅವನು ಹೇಳಿದ, ಆ ಮುಲಾಮು ನಿಮ್ಮ ಹೆಗಲಿಂದ ಅವರ ಮೈಗೆ ಇಳದೈತ್ರಿ, ಅದನ್ನ ಬಿಟ್ರ ಉಳಿದದ್ದು ಕಡಿಮಿ ಆಕ್ಕೈತ್ರಿ, ದನಿ ಮಾತ್ರ ತಿರುಗಿ ಬರೂದಿಲ್ಲ, ಅಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ಇವನು, ಉಂಡವಳು ಅವಳು, ಹೇಗೆ ಹೇಳುವುದು, ಹೇಳದೆ ಅವಳೆದುರು ಹೇಗೆ ಬದುಕುವುದು, ಇವತ್ತು ಮುಲಾಮು ಮುಟ್ಟಲಿಲ್ಲ, ಹೆಗಲು ಕೆಂಪಾಗುವಷ್ಟು ಸಾಬೂನು ತಿಕ್ಕಿದ, ಅದರ ಮೇಲೂ ನಂಬಿಕೆ ಬರದೆ ಜನ್ಮದಲ್ಲಿ ಮೊದಲ ಸಲ ಪೂಜೆಗೆ ಮುಂಚೆ ಅಂಗಿ ತೊಟ್ಟ, ಕೊರಳ ತನಕ ಗುಂಡಿ ಹಾಕಿದ, ಅವಳನ್ನು ಎತ್ತಿದ, ಅಂಗಿ ಯಾಕ್ರಿ, ಪೂಜಿ ಇನ್ನೂ ಆಗಿಲ್ಲಲ್ಲ, ಅಂದಳು ಆ ಗಡಸು ದನಿಯಲ್ಲಿ, ಥಂಡಿ, ಅಂದ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಥಂಡಿ, ಅವಳು ನಕ್ಕಳು, ಹೇಳಬೇಕು, ಈಗಲೇ, ರತ್ನಾ, ನಿನ್ನ ದನಿ ಕೆಡಿಸಿದಾಂವ ನಾನ — ತುಟಿಯ ತನಕ ಬಂತು, ಅಷ್ಟರಲ್ಲಿ ಅವಳು ಒಂದು ಕೈಯಿಂದ ಗುಂಡಿ ಬಿಚ್ಚಿ ಅಂಗಿಯನ್ನು ಪಕ್ಕಕ್ಕೆ ಸರಿಸಿದಳು, ಹಾಡಂತೂ ಹೋತು, ಈ ಜಾಗಾ ಒಂದ ನಂದು ಉಳದೈತಿ, ಇದನ್ನೂ ಮುಚ್ಚಬ್ಯಾಡ್ರಿ, ಅಂದಳು, ಮಣೆ ಅಲ್ಲಿಯೇ ಎದುರಿಗಿತ್ತು, ಅವನು ನಡುಮನೆಯಲ್ಲಿ ನಿಂತುಬಿಟ್ಟ, ಬರಿ ಹೆಗಲ ಮೇಲೆ ಅವಳ ಕೆನ್ನೆ, ಹೆಗಲ ಮೇಲೆ ಅವಳ ಕೆನ್ನೆ, ಗದ್ದದ ಸಣ್ಣ ಕೂದಲು ಚುಚ್ಚುತ್ತಿದ್ದವು