ಟವಲಿನ ಕೆಳಗಿನ ಕೈ

ಬಂಕಾಪುರದ ಹತ್ತಿರದ ಆ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ದಲಾಲನೂ ಒಂದೇ ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಒತ್ತಿ ವ್ಯವಹಾರ ಕುದುರಿಸುತ್ತಾರೆ. ದಲಾಲ ಕರೀಮಸಾಬ ಅವತ್ತು ರೈತ ಉಡಚಪ್ಪನ ಬೆರಳು ಹಿಡಿದಿದ್ದ.

"ಏನ್ ಸಾಬ, ಬೆರಳ ಮುರೀತಿಯೇನು? ಎತ್ತು ಕೊಳ್ಳಾಕ ಬಂದೇನಿ, ಆನಿ ಅಲ್ಲ!"

ಉಡಚಪ್ಪನ ನಗು ಮುಗಿಯುವ ಮೊದಲೇ ಕಾವಲುಗಾರರಿಬ್ಬರು ಬಂದು ಕರೀಮಸಾಬನ ರಟ್ಟೆ ಹಿಡಿದು ಗೇಟಿನಾಚೆ ದಬ್ಬಿದರು.

ಅಪ್ಪ ಕರೀಮಸಾಬನಿಗೆ ಬುತ್ತಿ ತಂದ ನುಜಹತ ಗೇಟಿನಲ್ಲೇ ನಿಂತುಬಿಟ್ಟಳು. ಅಲ್ಲಿದ್ದ ದೊಡ್ಡ ಟಿವಿಯಲ್ಲಿ ಅಪ್ಪನ ಮುಖ, ಕೆಳಗೆ ಕೆಂಪಕ್ಷರ: 'ಕಳ್ಳತನದ ಶಂಕೆ. ಪ್ರವೇಶವಿಲ್ಲ.' ಎತ್ತಿನ ಹಲ್ಲು ನೋಡಿ ಎಂದೂ ವಯಸ್ಸು ಸುಳ್ಳು ಹೇಳದ ಮನುಷ್ಯ ತಲೆಯೆತ್ತದೆ ನಿಂತಿದ್ದ. ಗುರುತಿನ ರೈತರೇ ಜೇಬು ಮುಟ್ಟಿ ನೋಡಿಕೊಂಡು ದಾಟಿ ಹೋಗುತ್ತಿದ್ದರು.

ಅವಳು ಬುತ್ತಿಯನ್ನು ಅಲ್ಲೇ ಇಟ್ಟಳು. ಸಂತೆಯ ಗುತ್ತಿಗೆದಾರ ಕೊಟ್ರೇಶನ ಎದುರು ಹೋಗಿ ನಿಂತಳು.

"ಅಣ್ಣಾರ, ನಮ್ಮಪ್ಪ ಏನ್ ಕದ್ದಾರ?"

"ನಾ ಹೇಳಿದ್ದಲ್ಲ ತಂಗಿ. ಹೊಸ ಕ್ಯಾಮೆರಾಕ್ಕ ಕೃತಕ ಬುದ್ಧಿ ಐತಿ. ಬಟ್ಟಿ ಕೆಳಗ ಕೈ ಆಡಿಸಿದ್ರ ಹಿಡೀತೈತಿ. ಹೋದ ಸಂತ್ಯಾಗ ಒಬ್ಬ ರೈತ ಎತ್ತು ಮಾರಿದ ರೊಕ್ಕ ಕಳಕೊಂಡು ಉಳ್ಳಾಡಿ ಅತ್ತ. ಅವಂಗ ಯಾರು ಉತ್ತರ ಹೇಳಬೇಕು? ಮಷೀನಿಗೆ ಜಾತಿ ಇಲ್ಲ, ಲಂಚ ಇಲ್ಲ."

"ಕಳ್ಳರನ್ನ ಹಿಡೀರಿ, ಬ್ಯಾಡ ಅಂದೋರು ಯಾರು? ಆದ್ರ ಟವಲ್ ಕೆಳಗ ಎರಡು ಕೈ ಇದ್ವು. ಕಳ್ಳ ಒಬ್ಬನ ಹೆಂಗ?"

"ನನಗೇನ್ ಗೊತ್ತು? ಅದನ್ನ ಕೊಟ್ಟ ಕಂಪನಿಯವರಿಗೇ ಗೊತ್ತಿಲ್ಲಂತ."

ನುಜಹತ ಅಪ್ಪನ ಗಡ್ಡ, ಬಿಳಿ ಟೋಪಿಯತ್ತ ಒಮ್ಮೆ ನೋಡಿದಳು. ಅಜ್ಜಿ ಮರಿಯಮಬಿಯ ಕಥೆಗಳಲ್ಲಿ ಒಂದು ಕಾವಲು ಭೂತವಿತ್ತು. ಅದಕ್ಕೆ ಮೈತುಂಬ ಕಣ್ಣು, ಕಿವಿ ಮಾತ್ರ ಒಂದೂ ಇಲ್ಲ. ಚಿಕ್ಕಂದಿನಲ್ಲಿ ಕೇಳಿ ಬಿದ್ದು ಬಿದ್ದು ನಕ್ಕಿದ್ದಳು. ಈಗ ಅದು ಗೇಟಿನ ಪಕ್ಕದ ಕ್ಯಾಮೆರಾ ಕಂಬ ಹತ್ತಿ ಕುಳಿತಿತ್ತು.

"ಹಂಗಾದ್ರ ನಮ್ಮಪ್ಪನ ಟವಲ್ ಕೆಳಗ ನೀವ ಕೈ ಕೊಡ್ರಿ, ಮಷೀನ್ ಯಾರನ್ನ ಹಿಡೀತೈತಿ ನೋಡೂಣು," ಎಂದಳು.

ಕೊಟ್ರೇಶ ಹಿಂದೆಮುಂದೆ ನೋಡಿದ. ಗೇಟಿನ ತನಕ ಬಂದಿದ್ದ ಉಡಚಪ್ಪ ಚುಚ್ಚಿದ: "ಯಾಕೋ ಕೊಟ್ರ್ಯಾ, ಹೆದರಿದೇನು? ನಿಮ್ಮಪ್ಪ ಹಿಂಗ ಟವಲ್ಲಾಗ ಕೈ ಹಾಕೇ ಹೋರಿ ಕಟ್ಟಿದವ!"

ಕಂಬದ ಕೆಳಗೆ ಬಂದು ಕೊಟ್ರೇಶ ಕರೀಮಸಾಬನ ಟವಲಿನೊಳಗೆ ಕೈ ಹಾಕಿದ. ಕೊಟ್ರೇಶನ ಜೇಬಿನಲ್ಲಿದ್ದ ಫೋನು ಕಿರುಚಿತು. ಟಿವಿಯಲ್ಲಿ ಮತ್ತೆ ಮುಖ ಬಂತು, ಕರೀಮಸಾಬನದೊಂದೇ.

ಕೊಟ್ರೇಶನ ಕೈ ಇನ್ನೂ ಮುದುಕನ ಕೈಯಲ್ಲೇ ಇತ್ತು. ಮೆಲ್ಲಗೆ ಬಿಡಿಸಿಕೊಂಡು ಹೋಗಿ ಟಿವಿಯ ವೈರು ಕಿತ್ತ.

"ಟಿವಿ ಆರಿಸಿದ್ರ ಮುಗೀತೇನ್ರಿ?" ನುಜಹತಳ ದನಿ ಏರಿತು. "ಮುಖ ಊರ ಮುಂದ ತೋರಿಸೀರಿ. ತಪ್ಪನ್ನೂ ಊರ ಮುಂದ ಹೇಳ್ರಿ. ಮುಂದಿನ ಸಂತ್ಯಾಗ ಇದು ಮತ್ತೊಬ್ಬರನ್ನ ಕಳ್ಳ ಅಂದ್ರ?"

ಕೊಟ್ರೇಶ ಮೈಕು ಹಿಡಿದ.

"ಕರೀಮಸಾಬರು ಕಳ್ಳರಲ್ಲ. ತಪ್ಪು ನಂದು. ಇನ್ನ ಮ್ಯಾಲೆ ಮಷೀನ್ ಏನರ ಹೇಳಲಿ, ನಾನ ಬಂದು ಕೇಳಿ, ವಿಚಾರ ಮಾಡಿದ ಹೊರತು ಯಾರನ್ನೂ ಹೊರಗ ದಬ್ಬೂದಿಲ್ಲ. ಯಾರ ಮುಖಾನೂ ಹಾಕೂದಿಲ್ಲ."

ಕರೀಮಸಾಬ ಗೇಟು ದಾಟಿ ಒಳಗೆ ಬಂದ. ಟವಲು ಕೊಡವಿ ಉಡಚಪ್ಪನ ಕೈ ಮೇಲೆ ಹರಡಿದ.

"ಎಲ್ಲಿಗೆ ಬಂದಿದ್ವಿ ಮಾರಾಯಾ?"

ಉಡಚಪ್ಪ ಬಾಯಿಬಿಡಲಿಲ್ಲ. ಬೆರಳು ಒತ್ತಿದ.