ಹದಿನಾಲ್ಕು ಅಕ್ಷರದ ಬಾಗಿಲು

ಒಂದು ಅಕ್ಷರಕ್ಕೂ ಅದರ ಪಕ್ಕದ ಅಕ್ಷರಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ಮನುಷ್ಯಕುಲ ಇನ್ನೂ ಬಗೆಹರಿಸಿಕೊಳ್ಳದ ಗಹನವಾದ ಪ್ರಶ್ನೆಗಳಲ್ಲೊಂದು. ದೇಶದೇಶಗಳ ಗಡಿಗಾಗಿ ಯುದ್ಧಗಳಾಗಿ, ಒಪ್ಪಂದಗಳಾಗಿ, ಎರಡೂ ಕಡೆಯವರು ಸುಸ್ತಾಗಿ ಮನೆಗೆ ಹೋಗಿದ್ದಾರೆ. ರೋಮನ್ ಲಿಪಿಯ ವಿ ಮತ್ತು ಎ ನಡುವಿನ ಗಡಿ ಮಾತ್ರ ಇನ್ನೂ ವಿವಾದದಲ್ಲೇ ಇದೆ. ಉತ್ತರದ ಹಿಮನಾಡಿನ ತಾಂಪೆರೆ ಊರಿನ ಸೈಮಿ ರಾಹ್ಕೋಲ ಎಂಬ ಇಪ್ಪತ್ತಮೂರು ವರ್ಷದ ಹುಡುಗಿ ಅದನ್ನು ತಾನು ಬಗೆಹರಿಸಿಬಿಟ್ಟೆ ಎಂದು ಜನವರಿಯಿಂದ ಮೇ ತಿಂಗಳವರೆಗೆ ನಂಬಿದ್ದಳು.

ಸೈಮಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಳು, ಕೊನೆಯ ವರ್ಷ. ಪದವಿಯ ಕೆಲಸವೆಂದು ಊರಿನ ಪೂರ್ವದಂಚಿನ ಒಂದು ವಸತಿ ಸಂಘಕ್ಕೆ ಹೆಸರಿನ ಫಲಕಗಳನ್ನು ಮಾಡಿಕೊಟ್ಟಿದ್ದಳು. ಮೂರು ಕಟ್ಟಡ, ತೊಂಬತ್ತಾರು ಮನೆ. ಪ್ರತಿ ಬಾಗಿಲಲ್ಲೂ ಅಂಚೆ ಕಿಂಡಿಯ ಮೇಲೆ ಒಂದು ಬೂದು ಪಟ್ಟಿ, ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ಮನೆತನದ ಹೆಸರು. ಇಲ್ಲಿ ಅಂಚೆಯವನು ಮೆಟ್ಟಿಲು ಹತ್ತಿ ಬಂದು ಬಾಗಿಲ ಮೇಲಿನ ಹೆಸರು ನೋಡಿಯೇ ಕಾಗದ ಹಾಕುವುದು. ಸೈಮಿಯ ಪಟ್ಟಿಯ ಸೊಗಸು ಇದ್ದದ್ದು ಅದರ ಹಟದಲ್ಲಿ. ಎಲ್ಲರಿಗೂ ಒಂದೇ ಗಾತ್ರ, ಒಂದೇ ಅಂತರ, ಹೆಚ್ಚೆಂದರೆ ಹದಿನಾಲ್ಕು ಅಕ್ಷರ. ಅವಳ ಮೇಷ್ಟ್ರು ತಾರ್ಮೊ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಅದರ ಮುಂದೆ ಐದು ನಿಮಿಷ ನಿಂತು, "ಕೆಟ್ಟದಾಗೇನಿಲ್ಲ" ಎಂದಿದ್ದ. ಇಲ್ಲಿ ಇದಕ್ಕಿಂತ ಮೇಲಿನ ಹೊಗಳಿಕೆಯನ್ನು ಸತ್ತವರಿಗೆ ಮೀಸಲಿಟ್ಟಿದ್ದಾರೆ. ಐದಕ್ಕೆ ಐದು ಅಂಕ ಕೊಡಬಹುದೆಂದು ಬರೆದೂ ಕೊಟ್ಟಿದ್ದ.

ಉಳಿದಿದ್ದು ಒಂದು ಪ್ರಬಂಧ. 'ನನ್ನ ಕೌಶಲ ಮತ್ತು ಬೆಳವಣಿಗೆ', ನಾಲ್ಕು ಪುಟ, ಶುಕ್ರವಾರದೊಳಗೆ. ಅದನ್ನು ಸಲ್ಲಿಸಿದರೆ ಜೂನಿನಲ್ಲಿ ಪದವಿ. ಬೇರೆಯವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಸೈಮಿ ಮಾತ್ರ ಮೂರು ವಾರದಿಂದ ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದಳು. ಫ್ರಿಜ್ ತೊಳೆದಳು. ಕೆರೆಗೆ ಒಂದು ಸುತ್ತು ಹಾಕಿದಳು, ಸಾಲದೆಂದು ಇನ್ನೊಂದು ಸುತ್ತು ಹಾಕಿದಳು. ಪ್ರಬಂಧದ ಅಕ್ಷರಶೈಲಿಯನ್ನು ಆರು ಸಲ ಬದಲಾಯಿಸಿದಳು. ಬರೆದಿದ್ದು ಒಂದೇ ವಾಕ್ಯ: 'ಈ ನಾಲ್ಕು ವರ್ಷಗಳಲ್ಲಿ ನಾನು ಬೇಡದ್ದನ್ನು ಬಿಟ್ಟುಬಿಡುವುದನ್ನು ಕಲಿತೆ.' ವಾಕ್ಯ ಚೆನ್ನಾಗಿಯೇ ಇತ್ತು. ಅದನ್ನು ಓದಿದಾಗಲೆಲ್ಲ ಎದ್ದು ಓಡಾಡಬೇಕೆನಿಸುತ್ತಿತ್ತು, ಅಷ್ಟೆ.

ಫೋಟೋಗಳನ್ನಾದರೂ ತೆಗೆದುಬಿಡೋಣವೆಂದು ಶನಿವಾರ ಕ್ಯಾಮೆರಾ ಹಿಡಿದು ವಸತಿ ಸಂಘಕ್ಕೆ ಹೋದಳು. ಅವತ್ತು ಅಂಗಳ ಗುಡಿಸುವ ದಿನ. ವರ್ಷವಿಡೀ ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ನೋಡದೆ ನೆಲ ನೋಡುವ ಜನ ಮೇ ತಿಂಗಳ ಒಂದು ಶನಿವಾರ ಮಾತ್ರ ಕೈಕುಂಟೆ ಹಿಡಿದು, ಹಿಮದಡಿ ಕೊಳೆತ ಹಳೆಯ ಎಲೆ ಬಾಚಿ, ಸಾಸೇಜ್ ಸುಟ್ಟು ತಿಂದು, ಮುಂದಿನ ಮೇ ತನಕ ಆಗುವಷ್ಟು ಮಾತಾಡಿಕೊಳ್ಳುತ್ತಾರೆ. ಸೈಮಿ ಅವರನ್ನು ದಾಟಿ ನೇರ ಬಿ ಕಟ್ಟಡದ ಮೂರನೇ ಮಹಡಿಗೆ ಹತ್ತಿದಳು. ತೊಂಬತ್ತಾರರಲ್ಲಿ ಅವಳಿಗೆ ಅತಿ ಪ್ರಿಯವಾದ ಫಲಕ ಇದ್ದದ್ದು ಅಲ್ಲಿ: ಸುವನ್ನರತ್ತನ. ರೋಮನ್ ಲಿಪಿಯಲ್ಲಿ ಸರಿಯಾಗಿ ಹದಿನಾಲ್ಕು ಅಕ್ಷರ, ಪಟ್ಟಿಯ ಈ ತುದಿಯಿಂದ ಆ ತುದಿಗೆ ತುಂಬಿಕೊಂಡು ಕೂತಿತ್ತು, ಅಳತೆ ಕೊಟ್ಟು ಹೊಲಿಸಿದ ಕೋಟಿನ ಹಾಗೆ. ಕೆಲಸ ಹುಡುಕುವಾಗ ತೋರಿಸುವ ಪುಸ್ತಕದ ಮೊದಲ ಪುಟಕ್ಕೆ ಅದೇ ಎಂದು ಎಂದೋ ನಿಶ್ಚಯಿಸಿಕೊಂಡಿದ್ದಳು.

ಫಲಕದ ಬಲಕ್ಕೆ, ಬಾಗಿಲ ಮೇಲೆಯೇ, ಯಾರೋ ಬಟ್ಟೆಯ ಟೇಪಿನ ತುಂಡೊಂದನ್ನು ಅಂಟಿಸಿದ್ದರು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಸೊಟ್ಟಸೊಟ್ಟಗೆ ಇನ್ನೂ ನಾಲ್ಕು ಅಕ್ಷರ: 'ವೊಂಗ್'. ಸೈಮಿಗೆ ಊಟದ ತಟ್ಟೆಯಲ್ಲಿ ಕೂದಲು ಕಂಡ ಹಾಗಾಯಿತು. ಗಂಟೆ ಒತ್ತಿದಳು.

ಬಾಗಿಲು ತೆಗೆದವಳು ಐವತ್ತೈದು ದಾಟಿದ ಹೆಂಗಸು. ಕುಳ್ಳಗಿದ್ದಳು, ದಪ್ಪ ಕನ್ನಡಕ, ಎಲೆ ಬಾಚಲು ಹೊರಟವಳ ಕೈಗವಸು. ಹೆಸರು ಮಾಲಿವನ್. ಇಪ್ಪತ್ತೆರಡು ವರ್ಷದ ಹಿಂದೆ ಥಾಯ್ಲೆಂಡಿನಿಂದ ಬಂದವಳು, ಪೇಟೆಯ ಒಂದು ಅಂಗಡಿಯಲ್ಲಿ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುವ ಕೆಲಸ. ಫಲಕ ಮಾಡಿದವಳು ತಾನೇ ಎಂದು ಸೈಮಿ ಹೇಳಿಕೊಂಡಳು.

"ಫೋಟೋ ತೆಗೀಬೇಕಿತ್ತು. ಒಂದು ನಿಮಿಷ ಈ ಟೇಪ್ ತೆಗೀಬಹುದಾ?"

"ತೆಗಿಯಮ್ಮ, ಅದಕ್ಕೇನು. ಹರೀಬೇಡ ಅಷ್ಟೇ, ಮತ್ತೆ ಅಂಟಿಸಬೇಕು."

ಮಾಲಿವನ್ ತಾನೇ ಅದನ್ನು ಮೆಲ್ಲಗೆ ಕಿತ್ತು ತೋಳಿಗೆ ಅಂಟಿಸಿಕೊಂಡು ಪಕ್ಕಕ್ಕೆ ಸರಿದು ನಿಂತಳು. ಸೈಮಿ ಹನ್ನೊಂದು ಫೋಟೋ ತೆಗೆದಳು. ಹನ್ನೊಂದನೆಯದು ತೆಗೆಯುವಾಗ, ಮರ್ಯಾದೆಗೆ ಏನಾದರೂ ಮಾತಾಡಬೇಕಲ್ಲ ಎಂದು, ಆ ತುಂಡು ಯಾತಕ್ಕೆ ಅಂಟಿಸಿದ್ದೀರಿ ಎಂದು ಕೇಳಿದಳು.

"ಯಾತಕ್ಕೆ ಅಂದ್ರೆ, ಅದು ನನ್ನ ಹೆಸರಿನ ಬಾಲ. ಸುವನ್ನರತ್ತನವೊಂಗ್. ಸುವನ್ನ ಅಂದ್ರೆ ಚಿನ್ನ, ರತ್ತನ ಅಂದ್ರೆ ರತ್ನ, ವೊಂಗ್ ಅಂದ್ರೆ ವಂಶ. ನೀನು ಚಿನ್ನ ರತ್ನ ಎರಡನ್ನೂ ಬಿಟ್ಟು ವಂಶ ಮಾತ್ರ ಎತ್ತಿಕೊಂಡು ಹೋಗಿದ್ದೀಯ. ಎಂಥ ಕಳ್ಳಿಯಮ್ಮ ನೀನು?"

ಹೇಳಿ ತಾನೇ ನಕ್ಕಳು. ನಗುತ್ತಲೇ ಮಿಕ್ಕಿದ್ದನ್ನೂ ಹೇಳಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಯವರು ಏಪ್ರಿಲ್‌ನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ ಕಾಗದ ಬರೆದಿದ್ದರು. ಹಳೆಯ ಅಂಚೆಯವನಾಗಿದ್ದರೆ ಕಣ್ಣು ಮುಚ್ಚಿಕೊಂಡು ಹಾಕಿ ಹೋಗುತ್ತಿದ್ದ. ಅವನು ಸೊಂಟ ನೋವೆಂದು ರಜೆ ಹಾಕಿದ್ದ. ಬದಲಿಗೆ ಬಂದವನು ನಿಯಮ ಬಲ್ಲವನು. ಲಕೋಟೆಯ ಮೇಲೆ ಒಂದು ಹೆಸರು, ಬಾಗಿಲ ಮೇಲೆ ಇನ್ನೊಂದು. ಈ ವಿಳಾಸದಲ್ಲಿ ಇಂಥವರಿಲ್ಲವೆಂದು ವಾಪಸು ಕಳಿಸಿದ. ಎರಡನೆಯ ಕಾಗದವನ್ನೂ ಹಾಗೆಯೇ ಕಳಿಸಿದ. ಎರಡು ಸಲ ಕರೆದರೂ ಬಾರದವಳೆಂದು ಸರದಿಯಿಂದ ಹೆಸರು ಹೋಯಿತು. ಈಗ ಮತ್ತೆ ಕೊನೆಯಿಂದ, ಅಂದರೆ ಸೆಪ್ಟೆಂಬರ್. ಅಲ್ಲಿಯವರೆಗೆ ಸೂಜಿಗೆ ದಾರವನ್ನು ಬೆರಳಿನ ಅಂದಾಜಿನಲ್ಲಿ ಪೋಣಿಸುವುದು. ಕಪ್ಪು ಬಟ್ಟೆಯ ಮೇಲೆ ಕಪ್ಪು ಹೊಲಿಗೆ ಕಾಣುವುದೇ ಇಲ್ಲ, ಈ ಊರಿನವರು ಕಪ್ಪು ಬಿಟ್ಟು ಬೇರೆ ಹಾಕುವುದೂ ಇಲ್ಲ. ಅಂಗಡಿಯವರು ಅವಳ ಕೆಲಸದಲ್ಲಿ ಅರ್ಧವನ್ನು ಬೇರೆಯವರಿಗೆ ವಹಿಸಿದ್ದರು.

"ಫಲಕ ಹಾಕಿದಾಗಲೇ ಹೇಳಬೇಕಿತ್ತು ನೀವು," ಎಂದಳು ಸೈಮಿ.

"ಯಾರಿಗೆ? ಈ ದೇಶದಲ್ಲಿ ಎಲ್ಲಕ್ಕೂ ಒಂದು ಅಳತೆ ಇದೆಯಲ್ಲಮ್ಮ. ಕಸ ಹಾಕೋಕೆ ಅಳತೆ, ಸೌನಾದ ಹಬೆಯಲ್ಲಿ ಕೂರೋಕೆ ಅಳತೆ. ಹೆಸರಿಗೂ ಇರುತ್ತೇನೋ ಅಂದ್ಕೊಂಡೆ."

ಅಷ್ಟು ಹೇಳಿ ತೋಳಿನ ಟೇಪ್ ಬಿಡಿಸಿ, ಬೆರಳಿನಿಂದ ಫಲಕದ ಅಂಚನ್ನು ತಡವಿ ನೋಡಿಕೊಂಡು ಸ್ವಸ್ಥಾನಕ್ಕೆ ಅಂಟಿಸಿ, ಕುಂಟೆ ಹಿಡಿದು ಕೆಳಗಿಳಿದಳು.

ಸೈಮಿ ಮೆಟ್ಟಿಲ ಮೇಲೆ ಕೂತಳು. ಜನವರಿಯಲ್ಲಿ ಹೆಸರಿನ ಪಟ್ಟಿ ಬಂದಾಗ ಹದಿನಾಲ್ಕು ದಾಟಿದ ಹೆಸರುಗಳು ಎರಡೇ ಇದ್ದವು. ಕನ್ನಡದಲ್ಲಿ ಎಂಟಕ್ಷರಕ್ಕೆ ಮುಗಿಯುವ ಸುವನ್ನರತ್ತನವೊಂಗ್ ರೋಮನ್ ಲಿಪಿಯಲ್ಲಿ ಹದಿನೆಂಟು. ಇನ್ನೊಂದು ಕೊರ್ಪೆಲ-ವುವೊರೆನ್ಮಾ, ನಡುವಿನ ಗೆರೆಯೂ ಸೇರಿ ಹದಿನೇಳು. ಎರಡನ್ನೂ ಹದಿನಾಲ್ಕಕ್ಕೆ ಕತ್ತರಿಸಬಹುದೇ ಎಂದು ಅವಳು ಸಂಘದ ಅಧ್ಯಕ್ಷ ಕಲೇರ್ವೊಗೆ ಕೇಳಿ ಬರೆದಿದ್ದಳು. 'ಆಗಲಿ' ಎಂದು ಉತ್ತರ ಬಂದಿತ್ತು. ಫಲಕ ಹಾಕಿದ ಮರುದಿನವೇ ಇರ್ಮೆಲಿ ಕೊರ್ಪೆಲ-ವುವೊರೆನ್ಮಾ ಫೋನು ಮಾಡಿದಳು, ಸೈಮಿ ಹತ್ತು ನಿಮಿಷದಲ್ಲಿ ಅಕ್ಷರಗಳನ್ನು ಒಂದಿಷ್ಟು ಕಿರಿದು ಮಾಡಿ ಪೂರ್ತಿ ಹೆಸರಿನ ಹೊಸ ಫಲಕ ಕಳಿಸಿಕೊಟ್ಟಳು. ಇನ್ನೊಬ್ಬರು ಫೋನು ಮಾಡಲಿಲ್ಲ. ಆ ಹೆಸರು ಕತ್ತರಿಸಿದ್ದು ಎಂಬುದು ಅವಳಿಗೆ ನೆನಪಿತ್ತು ಎನ್ನುವಷ್ಟು ನೆನಪಿರಲಿಲ್ಲ; ಮರೆತೇಹೋಗಿತ್ತು ಎಂದು ಆಣೆ ಮಾಡುವ ಹಾಗೂ ಇರಲಿಲ್ಲ.

ಕೆಳಗೆ ಬಂದಾಗ ಕಲೇರ್ವೊ ಬೆಂಕಿಯ ಮುಂದೆ ಸಾಸೇಜ್ ತಿರುಗಿಸುತ್ತಿದ್ದ. ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು, ಯಾವುದೂ ನಡುವೆ ನಿಲ್ಲಬಾರದು ಎಂಬುದೇ ಅವನ ಧರ್ಮ. ಪಕ್ಕದಲ್ಲಿ ಇರ್ಮೆಲಿ ಕಾಫಿ ಸುರಿಯುತ್ತಿದ್ದಳು, ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ಸೈಮಿ ನಡೆದದ್ದನ್ನು ಹೇಳಿದಳು. ಕಲೇರ್ವೊ ಕೆಟ್ಟ ಮನುಷ್ಯನಲ್ಲ. ಕೇಳಿ ನಿಜವಾಗಿಯೂ ನೊಂದುಕೊಂಡ. ಆದರೂ ತನ್ನ ಕಡೆಯದನ್ನೂ ಹೇಳಿದ. ಸಂಘದಲ್ಲಿ ತೊಂಬತ್ತಾರು ಮನೆ, ಯಾರೂ ದೂರು ಕೊಟ್ಟಿರಲಿಲ್ಲ, ನಿಯಮ ಎಲ್ಲರಿಗೂ ಒಂದೇ ಆಗಿತ್ತು.

"ಒಂದೇ ಆಗಿರಲಿಲ್ಲ," ಎಂದಳು ಸೈಮಿ. "ಇರ್ಮೆಲಿಯದನ್ನ ನಾನು ಬದಲಾಯಿಸಿಕೊಟ್ಟೆ."

"ಅದು ಬೇರೆ," ಎಂದಳು ಇರ್ಮೆಲಿ. "ನನ್ನದು ಎರಡು ಮನೆತನದ ಹೆಸರು. ಅಪ್ಪನದ್ದು ಬಿಡಲಾ, ಗಂಡನದ್ದು ಬಿಡಲಾ?"

ಕಲೇರ್ವೊ ಸಾಸೇಜನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ. "ಆಕೆಯದ್ದೂ ವಂಶದ ಹೆಸರೇ ಅಂತೆ," ಎಂದ.

ಇರ್ಮೆಲಿ ಕಾಫಿ ಸುರಿಯುವುದನ್ನು ನಿಲ್ಲಿಸಿದಳು. ಅಂಗಳದ ಆ ತುದಿಯಲ್ಲಿ ಮಾಲಿವನ್ ಆಗಲೇ ಬಾಚಿದ ಜಾಗವನ್ನೇ ಮತ್ತೊಮ್ಮೆ ಬಾಚುತ್ತಿದ್ದಳು. ಅಲ್ಲಿ ಎಲೆ ಉಳಿದಿಲ್ಲವೆಂಬುದು ಆಕೆಗೆ ಕಾಣುತ್ತಿರಲಿಲ್ಲ. ಇರ್ಮೆಲಿ ಒಂದು ಲೋಟ ಕಾಫಿ ಹಿಡಿದು ಅತ್ತ ನಡೆದಳು. ಏನು ಮಾತಾಡಿದರೋ ಇಲ್ಲಿಗೆ ಕೇಳಲಿಲ್ಲ. ಹದಿನಾರು ವರ್ಷದಿಂದ ಒಂದೇ ಲಿಫ್ಟಿನಲ್ಲಿ ಓಡಾಡಿದವರು ಅವರು.

ಆಕೆಯದನ್ನೂ ಹಾಗೇ ಕಿರಿದು ಮಾಡಿಬಿಡು, ವಿಷಯ ಮುಗಿಯಿತಲ್ಲ ಎಂದ ಕಲೇರ್ವೊ. ಸೈಮಿ ಮನೆಗೆ ಹೋಗಿ ಮಾಡಿ ನೋಡಿದಳು. ಹದಿನೇಳಕ್ಕೆ ಹೇಗೋ ತಡೆದುಕೊಂಡಿದ್ದ ಅಕ್ಷರಗಳು ಹದಿನೆಂಟಕ್ಕೆ ಬೇಲಿಯ ಕಡ್ಡಿಗಳ ಹಾಗೆ ಒತ್ತೊತ್ತಾಗಿ ನಿಂತವು. ಎರಡು ಮಾರು ದೂರದಿಂದ ಒಳ್ಳೆಯ ಕಣ್ಣಿಗೂ ಕಾಣುತ್ತಿರಲಿಲ್ಲ. ತಪ್ಪು ಒಂದು ಪಟ್ಟಿಯದಲ್ಲ. ನಾಲ್ಕು ವರ್ಷ ಕಲಿತದ್ದನ್ನೆಲ್ಲ ಸೇರಿಸಿ ಅವಳು ಮೊದಲು ಅಂದವಾದ ಪೆಟ್ಟಿಗೆಯೊಂದನ್ನು ಮಾಡಿದ್ದಳು, ಆಮೇಲೆ ಜನರನ್ನು ಅದರೊಳಗೆ ತುರುಕಿದ್ದಳು. ಅವಳು ಪ್ರಬಂಧ ತೆರೆದು, ಇದ್ದ ಒಂದು ವಾಕ್ಯವನ್ನೂ ಅಳಿಸಿಹಾಕಿದಳು. ಆ ರಾತ್ರಿ ವಿಚಿತ್ರವೆನ್ನುವಂತೆ ನಿದ್ದೆ ಬಂತು, ಬೆಳಗಾದ ಮೇಲೆ ಚಡಪಡಿಕೆ ಇಮ್ಮಡಿಯಾಗಿ ಮರಳಿತು.

ಸೋಮವಾರ ತಾರ್ಮೊನ ಕೋಣೆಗೆ ಹೋಗಿ, ನಡೆದದ್ದನ್ನು ಹೇಳಿ, ಪದವಿಯ ಕೆಲಸವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ತಾರ್ಮೊ ಹನ್ನೊಂದು ಫೋಟೋಗಳನ್ನೂ ಒಂದೊಂದಾಗಿ ನೋಡಿದ.

"ಎಲ್ಲಕ್ಕಿಂತ ಒಳ್ಳೆಯದು ಇದೇ ಅಂತ ನಾನೂ ಅಂದ್ಕೊಂಡಿದ್ದೆ," ಎಂದ. "ಪೂರ್ತಿ ಹೆಸರಾ ಅಂತ ಕೇಳಲಿಲ್ಲ."

"ನಾನೂ ಹೇಳಲಿಲ್ಲ."

"ಹೊಸದು ಹೇಗಿರುತ್ತೆ?"

ಅವಳು ಕಾಗದದ ಮೇಲೆ ಗೀಚಿದ್ದನ್ನು ತೋರಿಸಿದಳು. ಅಗಲದ ಪಟ್ಟಿ, ಅಕ್ಷರ ಒಂದು ಮಟ್ಟ ಚಿಕ್ಕದು, ಹೆಸರು ಉದ್ದವಿದ್ದರೆ ಎರಡು ಸಾಲು. ಲೈನೆ, ಓಯ ಎಂಬಂಥ ಗಿಡ್ಡ ಹೆಸರುಗಳು ಖಾಲಿ ಬಯಲಿನಲ್ಲಿ ಒಂಟಿಯಾಗಿ ನಿಂತ ಹಾಗೆ ಕಾಣುತ್ತಿದ್ದವು.

"ಅಷ್ಟು ಚೆನ್ನಾಗಿ ಕಾಣಲ್ಲ," ಎಂದ ತಾರ್ಮೊ.

"ಕಾಣಲ್ಲ."

"ಈಗಿರೋದನ್ನ ಸಲ್ಲಿಸು. ಐದು ತಗೋ, ಜೂನಲ್ಲಿ ಪಾಸಾಗು. ಆ ಹೆಂಗಸಿನ ಫಲಕವನ್ನ ಆಮೇಲೆ ಸದ್ದಿಲ್ಲದೆ ಸರಿ ಮಾಡಿಕೊಡು. ಯಾರೂ ಬೇಡ ಅನ್ನಲ್ಲ. ವಾಪಸು ತಗೊಂಡ್ರೆ ಡಿಸೆಂಬರಿಗೆ ಹೋಗುತ್ತೆ, ಬೇರೆಯವರು ನೋಡ್ತಾರೆ, ಐದು ಸಿಗಲ್ಲ. ನಾನೇ ನೋಡಿದ್ರೂ ಸಿಗಲ್ಲ, ನಿಜ ಹೇಳ್ತೀನಿ."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಸೈಮಿ ಆ ಕೋಣೆಯ ಕಿಟಕಿಯವರೆಗೆ ಹೋದಳು, ಬಾಗಿಲವರೆಗೆ ಬಂದಳು, ಮತ್ತೆ ಕಿಟಕಿಗೆ ಹೋದಳು.

"ಐದು ಅಂತ ಬರೆದ ಕಾಗದದಲ್ಲಿ ಆ ಫಲಕದ್ದೇ ಚಿತ್ರ ಇರುತ್ತೆ, ತಾರ್ಮೊ. ಅದನ್ನ ತೋರಿಸಿಕೊಂಡು ನಾನು ಕೆಲಸ ಕೇಳ್ತೀನಿ. ಕೆಲಸ ಸಿಗುತ್ತೆ ಕೂಡ. ಅದೇ ನನಗೆ ಭಯ."

ತಾರ್ಮೊ ಕೈಗಳನ್ನು ಜೇಬಿಗೆ ಇಳಿಸಿದ. ವಾಪಸು ತೆಗೆದುಕೊಳ್ಳುವ ಅರ್ಜಿ ಯಾವ ಕೋಣೆಯಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಿದ.

ಬೇಸಿಗೆಯೆಲ್ಲ ಸೈಮಿ ತೊಂಬತ್ತಾರು ಬಾಗಿಲನ್ನೂ ತಟ್ಟಿದಳು. ತಿಳಿಸದೆ ಬಂದವರಿಗೆ ಬಾಗಿಲು ತೆಗೆಯುವ ಅಭ್ಯಾಸ ಇಲ್ಲಿನವರಿಗಿಲ್ಲ. ಕೆಲವು ಕಡೆ ಮೂರು ಸಲ ಹೋದಳು. ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಹೆಸರನ್ನು ಹೇಗೆ ಬರೆಯಬೇಕು ಎಂದು. ವಿಯೆಟ್ನಾಮಿನ ಒಂದು ಕುಟುಂಬ ಅಕ್ಷರದ ತಲೆಯ ಮೇಲಿನ ಗುರುತುಗಳನ್ನು ಕೇಳಿತು. ಎ ಕಟ್ಟಡದ ಮುದುಕನೊಬ್ಬ, ಎರಡು ವರ್ಷದ ಹಿಂದೆ ಬಿಟ್ಟುಹೋದ ಹೆಂಡತಿಯ ಹೆಸರನ್ನು ಇನ್ನಾದರೂ ತೆಗೆಯಬೇಕೆಂದ. ಅವಳು ಎಲ್ಲ ಬರೆದುಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕೂಗಿ ಕರೆದು, ಸದ್ಯಕ್ಕೆ ಇರಲಿ ಎಂದ. ಬದಲಾಯಿಸಬೇಕಾದ ಹೆಸರುಗಳು ಹನ್ನೊಂದಾದವು. ಅವರಲ್ಲಿ ಒಬ್ಬರೂ ದೂರು ಕೊಟ್ಟವರಲ್ಲ.

ಅಕ್ಟೋಬರಿನಲ್ಲಿ ಕಾಲೇಜಿನ ಕಾರ್ಯಾಗಾರದ ಯಂತ್ರದ ಮುಂದೆ ಕೂತು ತೊಂಬತ್ತಾರು ಫಲಕಗಳನ್ನೂ ಅವಳೇ ಕೆತ್ತಿದಳು. ಒಂದು ಭಾನುವಾರ ಕಲೇರ್ವೊ ಜೊತೆಗೆ ಬಂದು ಸ್ಕ್ರೂ ತಿರುಗಿಸಿದ. ಮೊದಲಿನದೇ ನೋಡೋಕೆ ಚೆನ್ನಾಗಿತ್ತು ಎಂದು ಅವನು ಎಂಟು ಸಲ ಹೇಳಿದ. ಸೈಮಿ ಎಂಟು ಸಲವೂ ಹೌದೆಂದಳು. ಅವಳ ಕಣ್ಣಿಗೂ ಹಾಗೆಯೇ ಕಾಣುತ್ತಿತ್ತು.

ಪ್ರಬಂಧ ಒಂದೂವರೆ ಪುಟಕ್ಕೆ ಮುಗಿಯಿತು. ತನಗೆ ಏನೇನು ಬರುತ್ತದೆ ಎಂಬುದಕ್ಕೆ ಅರ್ಧ ಪುಟ ಸಾಕಾಯಿತು. ಉಳಿದದ್ದು ಕೇಳದೆ ಬಿಟ್ಟ ಪ್ರಶ್ನೆಗಳ ವಿಚಾರ. ಪುಟ ಕಡಿಮೆಯಾಯಿತೆಂದು ಪರೀಕ್ಷಕರು ಅಂಚಿನಲ್ಲಿ ಗುರುತು ಹಾಕಿದರು.

ಮಾಲಿವನ್‌ಳ ಬಲಗಣ್ಣಿನ ಪೊರೆಯನ್ನು ಸೆಪ್ಟೆಂಬರ್ ಒಂಬತ್ತರಂದು ತೆಗೆದರು, ಎಡಗಣ್ಣಿನದನ್ನು ನವೆಂಬರಿನಲ್ಲಿ. ಅಂಗಡಿಯವರು ಬೇರೆಯವರಿಗೆ ವಹಿಸಿದ್ದ ಕೆಲಸ ಹಿಂದಿರುಗಿ ಬರಲಿಲ್ಲ. ಸೈಮಿಗೆ ಡಿಸೆಂಬರಿನಲ್ಲಿ ಪದವಿ ಸಿಕ್ಕಿತು. ಅಂಕ, ಐದಕ್ಕೆ ಮೂರು.