ಒನೆಲಿಯೊನ ಇನ್ನೂರ ಹದಿನಾಲ್ಕು ಪ್ರೋಗ್ರಾಂ

ಹೊಟ್ಟೆಕಿಚ್ಚಿಗೆ ವಯಸ್ಸಿನ ಹಂಗಿಲ್ಲ. ಇದ್ದಿದ್ದರೆ ಐವತ್ತೆಂಟು ವರ್ಷದ ಒನೆಲಿಯೊ ಪೆರೊತ್ತಿ, ಮೊಮ್ಮಗಳಿಗೆ ಚರ್ಚಿನಲ್ಲಿ ಹೆಸರಿಡಿಸಿ ಬಂದ ವಾರದಲ್ಲೇ, ಒಂದು ಕುರ್ಚಿಯ ಎತ್ತರ ನೋಡಿ ಮೈ ಪರಚಿಕೊಳ್ಳುತ್ತಿರಲಿಲ್ಲ.

ಆ ಕುರ್ಚಿ ಇದ್ದದ್ದು ರಫಾಯೆಲಾ ಊರಿನ ಮಿರ್ತಾಳ ವರ್ಕ್‌ಶಾಪಿನಲ್ಲಿ, ಇಟಲಿಯಿಂದ ಬಂದ ದೊಡ್ಡ ಮಿಲ್ಲಿಂಗ್ ಮೆಷಿನ್ನಿನ ಮುಂದೆ. ಡೇರಿಗಳ ಯಂತ್ರಕ್ಕೆ ಬೇಕಾದ ಬೀಡುಕಬ್ಬಿಣದ ದೊಡ್ಡ ದೊಡ್ಡ ಭಾಗಗಳನ್ನು ಕೊರೆಯುವ ಮೆಷಿನ್ ಅದು. ಬಂದು ಇಪ್ಪತ್ತು ವರ್ಷವಾಯಿತು. ಲಾರಿಯಿಂದ ಇಳಿಸಿದ ದಿನ ಅದರ ಪೆಟ್ಟಿಗೆಯ ಹಲಗೆ ಬಿಚ್ಚಿದವನು ಒನೆಲಿಯೊ. ಮೊದಲ ಹದಿನಾರು ವರ್ಷ ಅದನ್ನು ಮುಟ್ಟಿದವನೂ ಅವನೊಬ್ಬನೇ. ಆಮೇಲೆ ಕೆಲಸ ಹೆಚ್ಚಿತು, ಮಿರ್ತಾ ಎರಡನೇ ಶಿಫ್ಟ್ ಶುರು ಮಾಡಿದಳು, ಗಾಸ್ತೋನ್ ಎಂಬುವನು ಬಂದ. ಮಧ್ಯಾಹ್ನ ಎರಡರವರೆಗೆ ಒನೆಲಿಯೊ, ಎರಡರಿಂದ ರಾತ್ರಿ ಹತ್ತರವರೆಗೆ ಗಾಸ್ತೋನ್.

ಬೆಳಿಗ್ಗೆ ಆರಕ್ಕೆ ಬಂದರೆ ಕುರ್ಚಿ ಮೇಲಕ್ಕೆ ಏರಿರುತ್ತಿತ್ತು, ಏಕೆಂದರೆ ಗಾಸ್ತೋನ್ ಉದ್ದ ಆಳು. ಮೆಷಿನ್ನಿನ ಕಂಪ್ಯೂಟರ್ ಪರದೆಯನ್ನು ಪಳಪಳ ಒರೆಸಿರುತ್ತಿದ್ದ. ಗುಂಡಿಗಳ ಹತ್ತಿರ ಬಗ್ಗಿದರೆ ಅವನ ಸೆಂಟಿನ ವಾಸನೆ. ಒನೆಲಿಯೊ ಕುರ್ಚಿಯನ್ನು ದಡಕ್ಕನೆ ಕೆಳಗಿಳಿಸುತ್ತಿದ್ದ, ಹಳೇ ಬಟ್ಟೆಯಿಂದ ಗುಂಡಿಗಳನ್ನು ಮತ್ತೆ ಒರೆಸುತ್ತಿದ್ದ. ಹೆಂಡತಿ ಅದೆಲೀನಾ ಒಮ್ಮೆ ಹೇಳಿಯೇಬಿಟ್ಟಿದ್ದಳು: "ಆ ಕಬ್ಬಿಣದ ಮೇಲೆ ಇರೋ ಅನುಮಾನದಲ್ಲಿ ಕಾಲು ಭಾಗ ನನ್ನ ಮೇಲೆ ಪಟ್ಟಿದ್ರೆ, ನಾನು ಎಷ್ಟು ಖುಷಿ ಪಡ್ತಿದ್ದೆ ಗೊತ್ತಾ ನಿಮಗೆ?"

ಹೊಟ್ಟೆ ಉರಿಯುವುದಕ್ಕೆ ಕಾರಣ ಇಲ್ಲದಿರಲಿಲ್ಲ ಬಿಡಿ. ಹೋದ ತಿಂಗಳು ಒಂದು ಪಂಪಿನ ಕವಚ ಬಂದಿತ್ತು. ಒನೆಲಿಯೊ ಏಳು ಗಂಟೆಯಲ್ಲಿ ಮುಗಿಸುವುದನ್ನು ಗಾಸ್ತೋನ್ ಐದೂವರೆಯಲ್ಲಿ ಮುಗಿಸಿದ. ಮಿರ್ತಾ ಅವನನ್ನು ಆಫೀಸಿಗೆ ಕರೆದು, ತನ್ನ ಕೈಯಾರೆ ಮಾಟೆ ಕಷಾಯ ಹಾಕಿ ಕೊಟ್ಟಳು. ಇಪ್ಪತ್ತು ವರ್ಷದಲ್ಲಿ ಒನೆಲಿಯೊಗೆ ಆ ಆಫೀಸಿನಲ್ಲಿ ಸಿಕ್ಕಿದ್ದು ಸಂಬಳದ ಚೀಟಿ ಮಾತ್ರ. ಗಾಜಿನ ಆಚೆ ಇಬ್ಬರೂ ನಗುತ್ತಿದ್ದುದನ್ನು ಅವನು ಎದ್ದು ನಿಂತು ನೋಡಿದ್ದ. ಅವತ್ತು ಊಟ ಸೇರಲಿಲ್ಲ.

ಆದರೂ ಅವನಿಗೊಂದು ಸಮಾಧಾನವಿತ್ತು. ಅದೇ ಅವನ ಇನ್ನೂರ ಹದಿನಾಲ್ಕು ಪ್ರೋಗ್ರಾಂ. ಮೆಷಿನ್ ಎಲ್ಲಿ ಕೊರೆಯಬೇಕು, ಎಷ್ಟು ಆಳ, ಯಾವ ವೇಗ, ಎಲ್ಲಿ ಒಂದು ಕ್ಷಣ ನಿಂತು ಉಸಿರು ಬಿಡಬೇಕು, ಎಲ್ಲವನ್ನೂ ಇಪ್ಪತ್ತು ವರ್ಷ ಕೂತು ಒಂದೊಂದೇ ಸಾಲು ಬರೆದಿದ್ದ. ಅವೆಲ್ಲ ಮೆಷಿನ್ನಿನ ಕಂಪ್ಯೂಟರಿನಲ್ಲಿ, ಅವನ ಹೆಸರಿನ ಫೋಲ್ಡರಿನಲ್ಲಿದ್ದವು. ಆ ವರ್ಕ್‌ಶಾಪಿನಲ್ಲಿ ಅವರವರ ಪ್ರೋಗ್ರಾಂ ಅವರವರದು. ಶುಕ್ರವಾರದ ಮಾಂಸದೂಟಕ್ಕೆ ಪ್ರತಿಯೊಬ್ಬನೂ ಸೊಂಟದಿಂದ ತನ್ನದೇ ಚಾಕು ತೆಗೆಯುತ್ತಾನಲ್ಲ, ಹಾಗೆ. ಇನ್ನೊಬ್ಬನದನ್ನು ಯಾರೂ ಕೇಳುವುದಿಲ್ಲ, ಮುಟ್ಟುವುದಿಲ್ಲ. ಗಾಸ್ತೋನನೂ ಮುಟ್ಟಿರಲಿಲ್ಲ. ತನಗೆ ಬೇಕಾದದ್ದನ್ನು ತಾನೇ ಬರೆದುಕೊಳ್ಳುತ್ತಿದ್ದ.

ಹೀಗಿರುವಾಗ ಮೆಷಿನ್ನಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿತು. ಇಪ್ಪತ್ತು ವರ್ಷ ತಿರುಗಿದ್ದು, ಪಾಪ. ಗಾಸ್ತೋನ್ ಹೋಗಿ ಮಿರ್ತಾಳಿಗೆ ಹೇಳಿದ. ಮಿರ್ತಾ ಸಾಂತಾ ಫೆ ಪಟ್ಟಣದಿಂದ ಯಾನಿನಾ ಎಂಬ ಟೆಕ್ನಿಷಿಯನ್ ಹೆಂಗಸನ್ನು ಗೊತ್ತು ಮಾಡಿದಳು. ಶುಕ್ರವಾರ ಬಂದು ಡಿಸ್ಕನ್ನು ಪೂರ್ತಿ ನಕಲು ಮಾಡಿ, ಹೊಸ ಡಿಸ್ಕ್ ಹಾಕಿ, ಇನ್ನೊಂದು ನಕಲನ್ನು ಆಫೀಸಿನ ಬೀರುವಿನಲ್ಲಿಡುವುದು ಅಂತ ತೀರ್ಮಾನವಾಯಿತು.

ಆಫೀಸಿನ ಬೀರು! ಬುಧವಾರ ಇಡೀ ದಿನ ಒನೆಲಿಯೊನ ತಲೆಯಲ್ಲಿ ಅದೊಂದೇ ಮಾತು. ತನ್ನ ಇನ್ನೂರ ಹದಿನಾಲ್ಕು ಮಿರ್ತಾಳ ಬೀರುವಿಗೆ ಹೋದರೆ, ಬೀರುವಿನಿಂದ ಗಾಸ್ತೋನನ ಕೈಗೆ ಬರಲು ಎಷ್ಟು ಹೊತ್ತು ಬೇಕು? ಆಮೇಲೆ ಈ ಮುದುಕನ ಹಂಗೇನು ಅವರಿಗೆ? "ಹಿಂಡಿ ಮುಗಿದ ನಿಂಬೆಹಣ್ಣು ನಾನು," ಎಂದು ರಾತ್ರಿ ಹೆಂಡತಿಗೆ ಹೇಳಿದ. "ನಿಂಬೆಹಣ್ಣಿಗಿಂತ ಜಾಸ್ತಿ ಹುಳಿ ಇದೀರಿ ಬಿಡಿ, ಸುಮ್ನೆ ಮಲಗಿ," ಎಂದಳು ಅವಳು.

ಗುರುವಾರ ಮಧ್ಯಾಹ್ನ, ಶಿಫ್ಟ್ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇರುವಾಗ, ಎಲ್ಲರೂ ಊಟದ ಕೋಣೆಯಲ್ಲಿದ್ದಾಗ, ಅವನು ಪೆನ್‌ಡ್ರೈವ್ ಚುಚ್ಚಿದ. ಫೋಲ್ಡರನ್ನು ಅದಕ್ಕೆ ಎತ್ತಿಕೊಂಡ, ಮೆಷಿನ್ನಿನಿಂದ ಅಳಿಸಿದ. ನಕಲು ಮಾಡುವವಳು ಉಳಿದದ್ದನ್ನೆಲ್ಲ ಮಾಡಿಕೊಂಡು ಹೋಗಲಿ, ಸೋಮವಾರ ಬೆಳಿಗ್ಗೆ ತನ್ನದನ್ನು ತಾನು ಹಾಕಿಕೊಂಡರಾಯಿತು. ಇದರಲ್ಲಿ ಕಳ್ಳತನವೇನು ಬಂತು? ತನ್ನ ಗಂಟು ತಾನು ಕಟ್ಟಿಕೊಂಡದ್ದು. ಹಾಗಂತ ಮನಸ್ಸಿಗೆ ಹೇಳಿಕೊಂಡು ಪೆನ್‌ಡ್ರೈವನ್ನು ಕಿಸೆಗೆ ಹಾಕಿಕೊಂಡ.

ಶುಕ್ರವಾರ ಒಂಬತ್ತಕ್ಕೆ ಯಾನಿನಾ ಬಂದಳು. ಮೂವತ್ತೈದರ ಹೆಂಗಸು, ಕೂದಲನ್ನು ಪೆನ್ಸಿಲ್ ಚುಚ್ಚಿ ಗಂಟು ಕಟ್ಟಿದ್ದಳು. ಮೆಷಿನ್ ಆರಿಸಿ, ಕಂಟ್ರೋಲಿನ ಬಾಗಿಲು ತೆಗೆದು, ಒಳಗಿನ ಕಬ್ಬಿಣದ ಪುಡಿ ನೋಡಿ ಶಿಳ್ಳೆ ಹಾಕಿದಳು. "ದೊನ್ ಒನೆಲಿಯೊ, ಇದನ್ನ ಕೊನೆಗೆ ಯಾವಾಗ ತೆಗೆದಿದ್ರಿ?" ಎಂದು ಕೇಳಿದಳು, ಹಿರಿಯರ ಹೆಸರಿಗೆ ಹಚ್ಚುವ 'ದೊನ್' ಸೇರಿಸಿ.

"ತೆಗೆಯೋದ್ಯಾಕೆ? ನಡೀತಿತ್ತಲ್ಲ."

"ನಡೀತಿದ್ದದ್ದೇ ಪವಾಡ."

ಡಿಸ್ಕನ್ನು ಹೊರಗೆ ತೆಗೆದು, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಬಸವನಹುಳುವಿನಂತೆ ಸರಿಯತೊಡಗಿತು. ಒನೆಲಿಯೊ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತ. ಬೇರೆಯವರು ತನ್ನ ಮೆಷಿನ್ನಿನ ಹೊಟ್ಟೆ ಬಿಚ್ಚಿ ನೋಡುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಹನ್ನೆರಡರ ಹೊತ್ತಿಗೆ ಗಾಸ್ತೋನ್ ಕೂಡ ಬಂದ. ಎರಡು ಗಂಟೆ ಮೊದಲೇ! ಬಂದವನೇ ಯಾನಿನಾಳಿಗೆ ಟಾರ್ಚ್ ಹಿಡಿದ, ಫ್ಯಾನಿನ ಧೂಳು ಊದಿದ, ಎಲ್ಲಾ ತಂತಿಗೂ ಚೀಟಿ ಅಂಟಿಸಿದ. ಅವಳು ಇವನನ್ನು ಹೊಗಳಿದ್ದೇ ಹೊಗಳಿದ್ದು. ಒನೆಲಿಯೊ ಮಾಟೆ ಕಷಾಯದ ಸೋರೆಬುರುಡೆ ಹಿಡಿದು ಒಬ್ಬನೇ ಹೀರಿದ, ಯಾರಿಗೂ ಕೊಡಲಿಲ್ಲ. ಒಂದೇ ಬುರುಡೆಯಿಂದ ಎಲ್ಲರೂ ಸರದಿಯಲ್ಲಿ ಹೀರುವ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಒಂದೂವರೆಗೆ ಯಾನಿನಾ ಹುಬ್ಬು ಗಂಟಿಕ್ಕಿದಳು. "ಒಂದು ನಿಮಿಷ. ಗಾಸ್ತೋನ್, ಬುಧವಾರ ನೀವು ಪರದೆಯ ಫೋಟೋ ಕಳಿಸಿದ್ರಲ್ಲ, ಎಲ್ಲಾ ಫೋಲ್ಡರಿನ ಪಟ್ಟಿ? ಅದ್ರಲ್ಲಿ ದೊನ್ ಒನೆಲಿಯೊ ಅವರದ್ದು ಒಂದಿತ್ತು. ಇಲ್ಲಿ ಇಲ್ಲ."

ಒನೆಲಿಯೊನ ಕೈ ಕಿಸೆಯ ಪೆನ್‌ಡ್ರೈವಿನ ಮೇಲೆ ಹೋಯಿತು. ಫೋಟೋ! ಈ ಗಾಸ್ತೋನನಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೇ?

"ಅಯ್ಯೋ ದೇವ್ರೇ, ಡಿಸ್ಕ್ ನುಂಗಿಬಿಡ್ತಾ?" ಎಂದ ಗಾಸ್ತೋನ್. "ದೊನ್ ಒನೆಲಿಯೊ ಅವರ ಇಪ್ಪತ್ತು ವರ್ಷದ ಕೆಲಸ ಕಣ್ರೀ ಅದು!"

"ಗಾಬರಿ ಬೇಡ. ನಾನು ಫೈಲ್ ಎತ್ಕೊಳ್ತಿಲ್ಲ, ಡಿಸ್ಕನ್ನೇ ತುದಿಯಿಂದ ತುದಿವರೆಗೆ ಎತ್ಕೊಳ್ತಿದೀನಿ. ಅಳಿಸಿದ್ದರ ಗುರುತೂ ಬರುತ್ತೆ." ಅವಳು ಏನೇನೋ ಒತ್ತಿದಳು. ಹತ್ತು ನಿಮಿಷವಾದ ಮೇಲೆ ಪರದೆಯ ಮೇಲೆ ಇನ್ನೂರ ಹದಿನಾಲ್ಕೂ ಸಾಲಾಗಿ ಎದ್ದು ನಿಂತವು. ಗಾಸ್ತೋನ್ ಚಪ್ಪಾಳೆ ತಟ್ಟಿದ. ಒನೆಲಿಯೊ ಅಷ್ಟು ಜತನದಿಂದ ಬಚ್ಚಿಟ್ಟದ್ದು ಅವನ ಕಣ್ಣೆದುರೇ ಹೊಸ ಡಿಸ್ಕಿಗೂ ಬೀರುವಿನ ಡಿಸ್ಕಿಗೂ ಇಳಿದುಹೋಯಿತು.

ಅಷ್ಟರಲ್ಲಿ ಮಿರ್ತಾ ಆಫೀಸಿನಿಂದ ಬಂದಳು. ವಿಷಯ ಕೇಳಿದಳು. "ಡಿಸ್ಕ್ ಕೆಟ್ಟು ಹೋಗಿದ್ದಾ?"

ಯಾನಿನಾ ಅಡ್ಡಗೋಡೆಯ ಮೇಲೆ ದೀಪವಿಡುವವಳಲ್ಲ. "ಅಲ್ಲ. ಕೆಟ್ಟಿದ್ರೆ ಅಲ್ಲಿಷ್ಟು ಇಲ್ಲಿಷ್ಟು ಹೋಗ್ತಿತ್ತು. ಇದು ಒಂದೇ ಫೋಲ್ಡರ್, ಯಾರೋ ಅಳಿಸಿದ್ದು. ಗುರುವಾರ ಸಂಜೆ ಆರು ಹದಿನೈದಕ್ಕೆ."

"ಸಂಜೆ ಆರು ಹದಿನೈದು," ಎಂದಳು ಮಿರ್ತಾ. ತಿರುಗಿ ಗಾಸ್ತೋನನ ಮುಖ ನೋಡಿದಳು.

"ಅದು ಮೆಷಿನ್ನಿನ ಗಡಿಯಾರದ ಟೈಮು," ಎಂದಳು ಯಾನಿನಾ. "ಆ ಗಡಿಯಾರ ಸರಿ ಇದೆಯಾ?"

ಇಲ್ಲೊಂದು ಮಾತು ಹೇಳಬೇಕು. ಆ ಗಡಿಯಾರ ಸರಿ ಇರಲಿಲ್ಲ. ಮೆಷಿನ್ ಜೋಡಿಸಲು ಬಂದಿದ್ದ ಇಟಲಿಯವನು ತನ್ನೂರಿನ ಸಮಯವನ್ನೇ ಇಟ್ಟು, ಇದನ್ನು ಮುಟ್ಟಬೇಡಿ ಎಂದು ಹೇಳಿ ಹೋಗಿದ್ದ. ಇವರೂ ಮುಟ್ಟಲಿಲ್ಲ. ಇಪ್ಪತ್ತು ವರ್ಷದಿಂದ ಅದು ಐದು ಗಂಟೆ ಮುಂದೆ ಓಡುತ್ತಿತ್ತು. ಪರದೆಯ ಮೂಲೆಯ ಆ ಪುಟ್ಟ ಅಂಕಿಗಳನ್ನು ದಿನಾ ನೋಡುವವರು ಇಬ್ಬರೇ, ಮೆಷಿನ್ನಿನ ಮುಂದೆ ಕೂರುವವರು. ಮಿರ್ತಾಳಿಗೆ ಅದು ಗೊತ್ತಿರಲಿಲ್ಲ.

"ಒನೆಲಿಯೊ, ನೀವು ಹೇಳಿ. ಗಡಿಯಾರ ಸರಿ ಇದೆಯಾ?" ಎಂದು ಕೇಳಿದಳು ಮಿರ್ತಾ.

"ಸರಿಯಾಗೇ ಇದೆ," ಎಂದ ಒನೆಲಿಯೊ.

ಹೇಳಿದ ಕೂಡಲೇ ಗಾಸ್ತೋನ್ ತಲೆಯೆತ್ತಿದ. ಅವನಿಗೂ ಗೊತ್ತಿತ್ತಲ್ಲ, ಆರು ಹದಿನೈದೆಂದರೆ ಇಲ್ಲಿಯ ಒಂದು ಹದಿನೈದು. ಒಂದು ಹದಿನೈದಕ್ಕೆ ಆ ಕುರ್ಚಿಯಲ್ಲಿ ಯಾರಿದ್ದರು ಅನ್ನುವುದೂ ಗೊತ್ತಿತ್ತು. ಅವನು ಒನೆಲಿಯೊನನ್ನೇ ನೋಡಿದ. ಒನೆಲಿಯೊ ಕಬ್ಬಿಣದ ಪುಡಿ ಬಿದ್ದ ನೆಲ ನೋಡಿದ. ಈಗ ಬಾಯಿ ಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ಕಾದ. ಗಾಸ್ತೋನ್ ಬಾಯಿ ಬಿಡಲಿಲ್ಲ.

"ನಿನ್ನಿಂದ ಇದನ್ನ ಅಂದ್ಕೊಂಡಿರಲಿಲ್ಲ ಗಾಸ್ತೋನ್," ಎಂದಳು ಮಿರ್ತಾ. "ನಿಮ್ಮಿಬ್ಬರಿಗೂ ಆಗಲ್ಲ ಅಂತ ಗೊತ್ತಿತ್ತು. ಅದಕ್ಕೆ ದೊಡ್ಡವರ ಕೆಲಸಕ್ಕೇ ಕೈ ಹಾಕೋದಾ? ಏನಾದ್ರೂ ಹೇಳೋದಿದೆಯಾ?"

"ಇಲ್ಲ, ಸೆನ್ಯೋರಾ."

"ಹಾಗಾದ್ರೆ ಸೋಮವಾರದಿಂದ ಹಳೇ ಲೇತ್ ಮೆಷಿನ್ನಿಗೆ ಹೋಗು. ಈ ಮೆಷಿನ್ ಇನ್ನು ಒನೆಲಿಯೊ ಅವರದ್ದು ಮಾತ್ರ."

ನೋಡಿ, ನಾಲ್ಕು ವರ್ಷದಿಂದ ಒನೆಲಿಯೊ ಕೇಳಿಕೊಂಡಿದ್ದ ವರ. ಕುರ್ಚಿ ಇನ್ನು ಯಾವತ್ತೂ ಮೇಲೇರುವುದಿಲ್ಲ. ಸೆಂಟಿನ ವಾಸನೆ ಇಲ್ಲ. ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಎಲ್ಲಾ ಮೊದಲಿನ ಹಾಗೆ. ಎದೆಯೊಳಗೆ ಒಂದು ನೀಚ ಸಂತೋಷ ಎದ್ದದ್ದೂ ನಿಜ, ಯಾಕೆ ಸುಳ್ಳು ಹೇಳಲಿ.

ಗಾಸ್ತೋನ್ ಪೆಟ್ಟಿಗೆಯಿಂದ ತನ್ನ ಕೈಗವಸು, ಅಳತೆಯ ಸಾಮಾನು, ಮಕ್ಕಳಿಬ್ಬರ ಫೋಟೋ ತೆಗೆದುಕೊಂಡ. ಹೊರಟವನು ಒನೆಲಿಯೊನ ಹತ್ತಿರ ನಿಂತ. ಶಿಫ್ಟ್ ಬದಲಾಗುವಾಗ ಒಬ್ಬ ಆಪರೇಟರ್ ಇನ್ನೊಬ್ಬನಿಗೆ ಮೆಷಿನ್ ಒಪ್ಪಿಸುವ ಪದ್ಧತಿ ಇದೆ, ಎಲ್ಲಿ ಏನು ತೊಂದರೆ ಅಂತ ಹೇಳಿ ಹೋಗಬೇಕು. ಇಬ್ಬರೂ ಮಾತು ಬಿಟ್ಟ ದಿನಗಳಲ್ಲೂ ಇದೊಂದನ್ನು ಬಿಟ್ಟಿರಲಿಲ್ಲ. ಗಾಸ್ತೋನ್ ಅದನ್ನೇ ಮಾಡಿದ.

"ದೊನ್ ಒನೆಲಿಯೊ, ಎಡಗಡೆ ಹಳಿ ಹತ್ರ ಎಣ್ಣೆ ಸೋರ್ತಿದೆ. ನಿನ್ನೆ ರಾತ್ರಿ ವಾಷರ್ ಬಿಗಿ ಮಾಡಿದೀನಿ, ಆದ್ರೂ ಬೇರೆ ಹಾಕ್ಬೇಕು. ಬೆಳಿಗ್ಗೆ ಶುರು ಮಾಡೋ ಮುಂಚೆ ಹತ್ತು ನಿಮಿಷ ಬಿಸಿ ಆಗೋಕೆ ಬಿಡಿ. ಈಚೆಗೆ ಅದಕ್ಕೆ ಚಳಿ ತಡೆಯಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

"ಏ, ನಿಲ್ಲು," ಎಂದ ಒನೆಲಿಯೊ. ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಯಾನಿನಾಳ ಲ್ಯಾಪ್‌ಟಾಪಿನ ಪಕ್ಕ ಇಟ್ಟ. "ಆ ಗಡಿಯಾರ ಐದು ಗಂಟೆ ಮುಂದಿದೆ, ಸೆನ್ಯೋರಾ. ಇಟಲಿಯದು. ನಾನು ಸುಳ್ಳು ಹೇಳಿದೆ. ಅಳಿಸಿದ್ದು ನಾನು."

ಯಾನಿನಾ ಹೊಸ ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಮಿರ್ತಾ ಪೆನ್‌ಡ್ರೈವನ್ನು ಎತ್ತಿಕೊಂಡು ಅವನನ್ನು ನೋಡಿದಳು. ಚಿಕ್ಕವಳಿದ್ದಾಗ, ಆಗ ವರ್ಕ್‌ಶಾಪಿನ ಯಜಮಾನನಾಗಿದ್ದ ಅಪ್ಪನ ಕೈ ಹಿಡಿದು ಬಂದು, ಇದೇ ಒನೆಲಿಯೊನಿಂದ ಕಬ್ಬಿಣದ ಸುರುಳಿ ಇಸಿದುಕೊಂಡು ಹೋಗುತ್ತಿದ್ದವಳು ಅವಳು.

"ಕೆಲಸದಿಂದ ತೆಗೀಬೇಕು ನಿಮ್ಮನ್ನ," ಎಂದಳು ಕೊನೆಗೆ. "ಅಪ್ಪ ಇದ್ದಿದ್ರೆ ತೆಗೀತಿದ್ರು. ನಾನು ತೆಗೆಯಲ್ಲ. ಸೋಮವಾರದಿಂದ ಬೆಳಗಿನ ಶಿಫ್ಟ್ ಗಾಸ್ತೋನನಿಗೆ. ನೀವು ಎರಡು ಗಂಟೆಗೆ ಬನ್ನಿ, ಅವನು ಬಿಟ್ಟ ಮೇಲೆ ಕೂತ್ಕೊಳ್ಳಿ."

ಯಾನಿನಾ ಹೊಸ ಡಿಸ್ಕ್ ಹಾಕಿ ಮೆಷಿನ್ ಚಾಲೂ ಮಾಡಿದಳು. ಟಿಕ್ ಟಿಕ್ ಇಲ್ಲ, ಏನೂ ಸದ್ದಿಲ್ಲ. ಮೊದಲು ಆ ಗಡಿಯಾರವನ್ನು ಸರಿ ಮಾಡಿದಳು.

ಒನೆಲಿಯೊ ಕೈ ತೊಳೆಯುವ ನಲ್ಲಿಯ ಹತ್ತಿರ ಗಾಸ್ತೋನನನ್ನು ಹಿಡಿದ. "ನಿಂಗೆ ಗೊತ್ತಿತ್ತು. ಯಾಕೋ ಬಾಯಿ ಮುಚ್ಕೊಂಡಿದ್ದೆ? ದೊಡ್ಡ ಸಂತ ಅನ್ನಿಸ್ಕೊಳ್ಳೋಕಾ?"

"ಸಂತನೂ ಇಲ್ಲ, ಎಂಥದೂ ಇಲ್ಲ. ನಾನು ಹೇಳಿದ್ರೆ ಚಾಡಿ ಹೇಳಿದ ಹಾಗಾಗ್ತಿತ್ತು. ಅದು ನೀವೇ ಹೇಳ್ಬೇಕಾದ ಮಾತು." ಗಾಸ್ತೋನ್ ಕೈ ಒರೆಸಿಕೊಂಡ. "ಹೇಳ್ತೀರಿ ಅಂತ ನನಗೆ ಖಾತ್ರಿ ಇತ್ತು."

ಒನೆಲಿಯೊ ನಲ್ಲಿ ತಿರುಗಿಸಿದ. ಸಾಬೂನು ಹಚ್ಚಿದ, ಮತ್ತೆ ಹಚ್ಚಿದ. ಅವನಿಗೆ ತನ್ನ ಮೇಲೆ ಆ ಖಾತ್ರಿ ಇರಲಿಲ್ಲ. ತನ್ನನ್ನು ತನಗಿಂತ ಚೆನ್ನಾಗಿ ನಂಬುವುದರಲ್ಲೂ ಈ ಗಾಸ್ತೋನನೇ ಮುಂದೆ ಹೋದನಲ್ಲ ಎಂದು, ದೇವರಾಣೆ, ಅವನಿಗೆ ಮತ್ತೆ ಹೊಟ್ಟೆ ಉರಿಯಿತು.